ಬೆನ್ನ ಮೇಲಿನ ಗಾಳಿ: ದರಕು ಗುಡಿಸೋ ಮಷೀನಿನ ಹಿಂದಿನ ಕಥೆ

ಕಳೆದ ವಾರ ಬೆಟ್ಟದಲ್ಲಿ ದರಕು ಒಟ್ಟು ಮಾಡ್ತಿರೋ ಫೋಟೊ ಹಾಕಿದ್ದೆ. ಅದರಲ್ಲಿ ಬೆನ್ನಿಗೆ ಹಾಕ್ಕೊಂಡ ಬ್ಲೋವರ್ ಕಂಡು ಸುಮಾರು ಜನ ಕೇಳಿದ್ರಿ: ಯಾವುದು, ಎಷ್ಟು ಸಿಸಿ, ಬಾಳಿಕೆ ಬರ್ತದಾ? ಒಂದೇ ಸಾಲಲ್ಲಿ ಹೇಳಿ ಮುಗಿಸಬಹುದಿತ್ತು. ಆದ್ರೆ ನಾನು ಮೊದಲ ಬ್ಲೋವರ್ ತಂದಿದ್ದೇ ಅಂಥ ಒಂದು ಸಾಲಿನ ಉತ್ತರ ನಂಬಿ. "ದೊಡ್ಡದೇ ತಗಳಿ, ಮತ್ತೆ ನೋಡೋದು ಬ್ಯಾಡ" ಅಂದಿದ್ರು. ತಗೊಂಡೆ. ಅದರಿಂದ ಏನಾಯ್ತು ಅಂತ ಹೇಳೋಕೆ ಸ್ವಲ್ಪ ಹಿಂದೆ, ಇನ್ನೂರು ವರ್ಷದಷ್ಟು ಹಿಂದೆ, ಹೋಗಬೇಕು. ಬರಹ ಉದ್ದ ಇದೆ. ಚಾ ಕುಡೀತಾ ಓದಿ.

ಬಯಲುಸೀಮೆಯ ಗೆಳೆಯರಿಗೆ ಮೊದಲು ಒಂದು ಮಾತು. ದರಕು ಅಂದ್ರೆ ಒಣಗಿ ಉದುರಿದ ಎಲೆ. ನಮ್ಮ ಶಿರಸಿ ಕಡೆ ಮತ್ತಿ, ನಂದಿ, ಹೊನ್ನೆ, ಕವಲು ಎಲ್ಲ ಎಲೆ ಉದುರಿಸೋ ಹೊತ್ತಿಗೆ, ಜನವರಿಯಿಂದ ಮಾರ್ಚ್ ಒಳಗೆ, ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸ್ತೇವೆ. ಕಲ್ಲಿಯಲ್ಲಿ ತುಂಬಿ ಹೊತ್ತು ತಂದು ಒಟ್ಟಿ ಇಡ್ತೇವೆ. ಅದು ದಿನಾ ಸ್ವಲ್ಪ ಸ್ವಲ್ಪ ಕೊಟ್ಟಿಗೆಗೆ ಹೋಗಿ ದನದ ಕಾಲಡಿ ಹಾಸಿಗೆ ಆಗ್ತದೆ, ಸಗಣಿ ಗಂಜಲ ಹೀರ್ಕೊಂಡು ಗೊಬ್ಬರಗುಂಡಿಗೆ ಬೀಳ್ತದೆ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು. ತೋಟದಿಂದ ಅಡಿಕೆ ಕೊಯ್ದು ಪೇಟೆಗೆ ಕಳಿಸಿದ ಮೇಲೆ ಮಣ್ಣಿಗೆ ನಾವು ತೀರಿಸೋ ಸಾಲ ಇದೇ ಎಲೆ. ಪೇಟೆಯವರಿಗೆ ಉದುರಿದ ಎಲೆ ಕಸ ಇರಬಹುದು. ನಮಗೆ ಅದೂ ಒಂದು ಬೆಳೆಯೇ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಈ ಪದ್ಧತಿ ಎಷ್ಟು ಹಳೇದು? ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಹೊಸ ಸೀಮೆಗಳನ್ನು ನೋಡಿಕೊಂಡು ಬರಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. ಅವನು 1801ರಲ್ಲಿ ಸೋಂದೆ ಸೀಮೆಗೂ ಬಂದ. ಅಡಿಕೆ ತೋಟ, ಅದಕ್ಕೆ ಹಬ್ಬಿಸಿದ ಕಾಳುಮೆಣಸು ಎಲ್ಲ ನೋಡಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ನಮ್ಮ ತೋಟಗಳು ಆಗಲೇ ಹಳೆಯ ತೋಟಗಳು. ತೋಟ ಇದ್ದ ಕಡೆ ಬೆಟ್ಟ ಬೇಕೇ ಬೇಕು. ಬೆಟ್ಟದ ಎಲೆ ಇಲ್ಲದೆ ಈ ಮಳೆಯಲ್ಲಿ ಯಾವ ತೋಟವೂ ಇನ್ನೂರು ವರ್ಷ ನಿಲ್ಲೋದಿಲ್ಲ.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1878ರಲ್ಲಿ ಅರಣ್ಯ ಕಾಯ್ದೆ ಬಂತು. ಸರ್ಕಾರಕ್ಕೆ ಸಾಗವಾನಿ ಬೇಕಿತ್ತು, ರೈಲು ಹಳಿಯ ಅಡಿಗೆ ಹಾಕುವ ಮರ ಬೇಕಿತ್ತು, ಹಾಗಾಗಿ ಕಾಡಿಗೆ ಗಡಿ ಹಾಕುತ್ತ ಬಂದರು. ಆದರೆ ಕಾಡು ಪೂರ್ತಿ ಮುಚ್ಚಿದರೆ ತೋಟ ಸಾಯುತ್ತದೆ, ತೋಟ ಸತ್ತರೆ ಕಂದಾಯವೂ ಇಲ್ಲ. ಈ ಇಕ್ಕಟ್ಟಿನಲ್ಲಿ ಉಳಿದುಕೊಂಡದ್ದೇ ಸೊಪ್ಪಿನ ಬೆಟ್ಟದ ಸೌಲಭ್ಯ. ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟರು. ಭೂಮಿ ಸರ್ಕಾರದ್ದು, ಸೊಪ್ಪು ದರಕು ನಮ್ಮದು. ಈಗಲೂ ಹಾಗೇ ಇದೆ. ನಾವು "ನಮ್ಮ ಬೆಟ್ಟ" ಅಂತ ಎಷ್ಟೇ ಎದೆ ತಟ್ಟಿಕೊಂಡ್ರೂ ಅದು ನಮ್ಮ ಹೆಸರಿಗಿಲ್ಲ.

9 ಎಕರೆ ಅಂದ್ರೆ ತುಂಬಾ ಅನಿಸ್ತದೆ. ಆದ್ರೆ ನನ್ನ ಅಜ್ಜನ ಕಾಲದಲ್ಲಿ ಬೆಟ್ಟ ಪೂರ್ತಿ ಗುಡಿಸಿದವರನ್ನ ನಾನಂತೂ ಕೇಳಿಲ್ಲ. ಕೈಯಲ್ಲಿ ಪೊರಕೆ, ಸೊಂಟ ಬಗ್ಗಿಸಿ ಕೆಲಸ. ಹತ್ತಿರದ್ದು, ಇಳಿಜಾರು ಕಡಿಮೆ ಇದ್ದದ್ದು, ಮುಳ್ಳಿಲ್ಲದ್ದು ಗುಡಿಸ್ತಿದ್ರು. ಕಲ್ಲು ಸಂದಿ, ಪೊದೆ ಬುಡ, ಹಳ್ಳದ ದಡ ಹಾಗೇ ಬಿಡ್ತಿದ್ರು. ಅದು ಯಾರೂ ಮಾಡಿದ ನಿಯಮ ಅಲ್ಲ. ಸೊಂಟಕ್ಕೆ ಆಗ್ತಿರಲಿಲ್ಲ, ಅಷ್ಟೇ.

ಇದು ಎಲೆಯ ಕಡೆಯ ಚರಿತ್ರೆ. ಮಷೀನಿನ ಚರಿತ್ರೆ ಎಲೆಯಿಂದ ಶುರು ಆಗೋದಿಲ್ಲ. ಅದು ಶುರು ಆಗೋದು ಔಷಧಿಯಿಂದ, ನಾವೆಲ್ಲ ಮಳೆಗಾಲದಲ್ಲಿ ಹೊಡೆಯೋ ಅದೇ ಬೋರ್ಡೊ ದ್ರಾವಣದಿಂದ.

ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದ್ರಾಕ್ಷಿ ಕದಿಯುವವರ ಕಾಟಕ್ಕೆ ರೈತರು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ಬಣ್ಣ ಕಂಡರೆ ಯಾರೂ ಬಾಯಿಗೆ ಹಾಕುವುದಿಲ್ಲ ಅಂತ. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಅದೇ ದಾರಿಯಲ್ಲಿ ಹೋಗುವಾಗ ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬಂದಿಲ್ಲ ಎಂಬುದನ್ನು ಗಮನಿಸಿದ. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಆರಂಭದಲ್ಲಿ ಈ ಔಷಧಿ ಹೊಡೆಯುತ್ತಿದ್ದುದು ಹೇಗೆ ಗೊತ್ತಾ? ಒಂದು ಕೈಯಲ್ಲಿ ಪಾತ್ರೆ, ಇನ್ನೊಂದು ಕೈಯಲ್ಲಿ ಸಣ್ಣ ಪೊರಕೆ. ಅದ್ದಿ ಅದ್ದಿ ಚಿಮುಕಿಸುವುದು. ಕೆಲವೇ ವರ್ಷಗಳಲ್ಲಿ ಪೊರಕೆಯ ಜಾಗಕ್ಕೆ ಬೆನ್ನಿಗೆ ಹೊರುವ ತಾಮ್ರದ ಡಬ್ಬಿ, ಪಕ್ಕದಲ್ಲಿ ಕೈಯಿಂದ ಒತ್ತುವ ಹಿಡಿಕೆ ಬಂತು. ವಿಲ್‌ಫ್ರಾಂಶ್ ಊರಿನ ವಿಕ್ಟರ್ ವೆರ್ಮೊರೆಲ್ ಇಂಥ ಪಂಪುಗಳಿಂದಲೇ ಹೆಸರಾದ. ಕೃಷಿ ಯಂತ್ರ ರೈತನ ಬೆನ್ನೇರಿದ್ದು ಹೀಗೆ.

ನಮ್ಮ ಕಡೆಗೆ ಅದು ಬಂದದ್ದು ಕೊಳೆರೋಗದ ದೆಸೆಯಿಂದ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿ, ಮಲೆನಾಡಿನ ಅಡಿಕೆ ಕೊಳೆಯನ್ನು ಕೈಗೆತ್ತಿಕೊಂಡರು. ಅದುವರೆಗೆ ಕೊಳೆಗೆ ಉಪಾಯ ಅಂದರೆ ಮಳೆ ಹಿಡಿಯುವ ಮೊದಲು ಮರ ಹತ್ತಿ ಕೊನೆಕೊನೆಗೂ ಕರಡದ ಕೊಟ್ಟೆ ಕಟ್ಟುವುದು. ಕೋಲ್ಮನ್ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಬೋರ್ಡೊ ದ್ರಾವಣ ಮಳೆಗೆ ತೊಳೆದು ಹೋಗದಂತೆ ಅಂಟು ಸೇರಿಸಿ ಹೊಡೆಯುವ ಕ್ರಮ ತೋರಿಸಿದರು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ಇವತ್ತು ನಮ್ಮ ಮನೆ ಮಕ್ಕಳಿಗೂ ಬಾಯಿಪಾಠ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸಣ್ಣ ಪೆಟ್ರೋಲ್ ಎಂಜಿನ್ ಅಗ್ಗವಾಯಿತು, ಹಗುರವಾಯಿತು. ಸೋತ ಎರಡು ದೇಶಗಳಲ್ಲಿ ಇದಕ್ಕೆ ಹೊಸ ಕಂಪನಿಗಳು ಹುಟ್ಟಿದವು. ಜಪಾನಿನಲ್ಲಿ 1947ರಲ್ಲಿ ಕ್ಯೊರಿತ್ಸು, ಮುಂದೆ ಎಕೋ ಹೆಸರಿನ ಯಂತ್ರಗಳನ್ನು ಮಾಡಿದ್ದು ಅದೇ. ಜರ್ಮನಿಯಲ್ಲಿ 1948ರಲ್ಲಿ ಸೋಲೊ. ಕೈಪಂಪಿನ ಬದಲು ಬೆನ್ನಿನ ಮೇಲೆ ಎಂಜಿನ್, ಎಂಜಿನ್ ತಿರುಗಿಸುವ ಫ್ಯಾನು, ಫ್ಯಾನಿನಿಂದ ಸೊಂಡಿಲಿನಂಥ ಪೈಪು. ಆ ಗಾಳಿಯ ಬಾಯಿಗೆ ಔಷಧಿ ತೊಟ್ಟಿಕ್ಕಿದರೆ ಅದು ಒಡೆದು ಮಂಜಾಗಿ ಹೋಗುತ್ತದೆ. ಇದೇ ಮಿಸ್ಟ್ ಬ್ಲೋವರ್. ಭತ್ತದ ಗದ್ದೆಗೆ, ದ್ರಾಕ್ಷಿಗೆ, ನಮ್ಮಲ್ಲಿ ಗೇರಿಗೆ ಈಗಲೂ ಇದನ್ನೇ ಹೊಡೀತಾರೆ.

ಅದರಿಂದ ಔಷಧಿ ಡಬ್ಬಿ ತೆಗೆದುಬಿಡಿ. ಉಳಿಯೋದು ಬರೀ ಗಾಳಿ. 1970ರ ದಶಕದ ಆರಂಭದಲ್ಲಿ ಜಪಾನಿನ ಎಂಜಿನಿಯರುಗಳು ಇದನ್ನು ಎಲೆ ಊದುವ ಯಂತ್ರವಾಗಿ ಅಮೆರಿಕಕ್ಕೆ ಕೊಟ್ಟರು. ಹೊಲದಲ್ಲಿ ಹುಟ್ಟಿದ ಯಂತ್ರ ಅಲ್ಲಿ ಮನೆ ಮುಂದಿನ ಹುಲ್ಲುಹಾಸಿಗೆ ಹೋಯಿತು. ಕ್ಯಾಲಿಫೋರ್ನಿಯಾದಲ್ಲಿ ಬರ ಬಂದು ಪೈಪಿನಲ್ಲಿ ನೀರು ಬಿಟ್ಟು ಅಂಗಳ ತೊಳೆಯಬಾರದು ಅಂದಾಗ ಬ್ಲೋವರಿಗೆ ಇನ್ನಷ್ಟು ಗಿರಾಕಿ ಸಿಕ್ಕಿತು. 1990ರ ಹೊತ್ತಿಗೆ ಅಮೆರಿಕದಲ್ಲಿ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಾರಾಟ.

ಜಗಳವೂ ಜೊತೆಗೇ ಹುಟ್ಟಿತು. ಕಾರ್ಮೆಲ್ ಎಂಬ ಸಮುದ್ರ ತೀರದ ಸಣ್ಣ ಊರು 1975ರಲ್ಲೇ ಸದ್ದಿನ ಕಾರಣಕ್ಕೆ ಬ್ಲೋವರ್ ನಿಷೇಧಿಸಿತು. 1998ರಲ್ಲಿ ಲಾಸ್ ಏಂಜಲೀಸ್ ನಗರ, ವಾಸದ ಮನೆಗಳಿಂದ 500 ಅಡಿ ಒಳಗೆ ಪೆಟ್ರೋಲ್ ಬ್ಲೋವರ್ ಕೂಡದು ಅಂದಿತು. ಆಗ ನಗರಸಭೆ ಎದುರು ಉಪವಾಸ ಕೂತವರು ಮನೆ ಮಾಲೀಕರಲ್ಲ, ಕಂಪನಿಯವರೂ ಅಲ್ಲ. ಮೆಕ್ಸಿಕೊ ಮತ್ತು ಸುತ್ತಲಿನ ದೇಶಗಳಿಂದ ಬಂದು ತೋಟದ ಕೂಲಿ ಮಾಡುತ್ತಿದ್ದವರು. ಪೊರಕೆಗೆ ಹಿಂತಿರುಗಿದರೆ ದಿನಕ್ಕೆ ಮಾಡುವ ಮನೆಗಳ ಲೆಕ್ಕ ಇಳಿಯುತ್ತದೆ, ಹೊಟ್ಟೆಗೆ ಬೀಳುತ್ತದೆ ಎಂಬುದು ಅವರ ಸಂಕಟ. ಸದ್ದು, ಹೊಗೆ, ಧೂಳು ಮೊದಲು ತಾಗುವುದೂ ಅವರಿಗೇ. ಕ್ಯಾಲಿಫೋರ್ನಿಯಾ 2021ರಲ್ಲಿ ಮಾಡಿದ ಕಾನೂನಿನ ಮೇಲೆ 2024ರಿಂದ ಇಂಥ ಸಣ್ಣ ಪೆಟ್ರೋಲ್ ಎಂಜಿನ್‌ಗಳಿಗೆ ಹೊಗೆಯ ಮಿತಿಯನ್ನು ಸೊನ್ನೆಗೆ ಇಳಿಸಿದ್ದಾರೆ. ಹೊಸದಾಗಿ ಮಾಡೋದು ಬ್ಯಾಟರಿಯದ್ದೇ ಆಗಬೇಕು.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದ್ರೆ, ಈ ಐವತ್ತು ವರ್ಷದಲ್ಲಿ ಬ್ಲೋವರ್ ದೊಡ್ಡದಾಗ್ತಾ ಬಂದಿದ್ದು ಒಂದೇ ಕೆಲಸಕ್ಕೆ: ಒಂದು ಎಲೆಯೂ ಉಳಿಯಬಾರದು, ಬೇಗ ಆಗಬೇಕು. ಅಲ್ಲಿ ಎಲೆ ಅಂದ್ರೆ ತೊಲಗಬೇಕಾದ ಕಸ. ಪೆಟ್ಟಿಗೆ ಮೇಲೆ ಬರೆದಿರೋ ಸಂಖ್ಯೆ ಎಲ್ಲ ಆ ಕೆಲಸದ ಅಳತೆ. ನಾನು ಅದೇ ಅಳತೆ ಹಿಡ್ಕೊಂಡು ಬೆಟ್ಟಕ್ಕೆ ಹೋದೆ.

ಮೊದಲ ವರ್ಷ ತಂದಿದ್ದು 75 ಸಿಸಿ ಆಸುಪಾಸಿನದ್ದು. ನಮ್ಮನೆಯಲ್ಲಿ ಮೂವತ್ತು ವರ್ಷ ದರಕು ಗುಡಿಸಿದ ಅಕ್ಕ ಒಬ್ಬರಿದ್ದಾರೆ. ಅವರಿಗೂ ಸೊಂಟ ಬಿದ್ದಿತ್ತು, ಬೇರೆ ಆಳೂ ಸಿಕ್ತಿರಲಿಲ್ಲ. ಅವರ ಮಗ ಮಷೀನು ಹೊತ್ತ. ಇಪ್ಪತ್ತು ದಿನದ ಕೆಲಸ ನಾಲ್ಕು ದಿನದಲ್ಲಿ ಮುಗೀತು. ಕಲ್ಲು ಸಂದಿ, ಪೊದೆ ಬುಡ, ಹಳ್ಳದ ದಡ ಒಂದೂ ಬಿಡ್ಲಿಲ್ಲ. ಬೆಟ್ಟ ಮದುವೆ ಮನೆ ಅಂಗಳದ ಹಾಗೆ ಕಾಣ್ತಿತ್ತು. ದರಕಿನ ಒಟ್ಟಲು ಕೊಟ್ಟಿಗೆ ಮಾಡಿಗಿಂತ ಎತ್ತರ. ನಾನು ಖುಷಿಯಲ್ಲಿ ಫೋಟೊ ತೆಗೆದು ಇಲ್ಲೇ ಹಾಕಿದ್ದೆ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಅಕ್ಕ ಬೆಟ್ಟ ಒಂದು ಸುತ್ತು ನೋಡಿ ಬಂದು ಹೇಳಿದ್ದಿಷ್ಟು: "ಹೆಗಡೇರೆ, ನಾವು ಗುಡಿಸ್ದಾಗ ಬೆಟ್ಟಕ್ಕೆ ಅಂತ ಒಂಚೂರು ಉಳೀತಿತ್ತು. ಇದು ಬೆಟ್ಟದ ಬಟ್ಟೇನೇ ಬಿಚ್ಕಂಡು ಬಂತು."

ನಕ್ಕು ಸುಮ್ಮನಾದೆ. ಜೂನ್ ಮಳೆಗೆ ಉತ್ತರ ಸಿಕ್ತು. ಮುಚ್ಚಿಗೆ ಇಲ್ಲದ ಇಳಿಜಾರಿನಿಂದ ಕೆಂಪು ಮಣ್ಣು ಇಳಿದು ತೋಟದ ಕಾಲುವೆ ಎರಡು ಕಡೆ ಕಟ್ಟಿತು. ಹಳ್ಳದ ದಡದಲ್ಲಿ ಪ್ರತಿ ವರ್ಷ ಏಳೋ ಹೊನ್ನೆ, ನಂದಿ ಸಸಿ ಆ ವರ್ಷ ಕಾಣಲಿಲ್ಲ. ಬೀಜವೂ ದರಕಿನ ಜೊತೆ ಕೊಟ್ಟಿಗೆಗೇ ಬಂದಿತ್ತಲ್ಲ! ಸಸಿ ಏಳದ ಬೆಟ್ಟದಲ್ಲಿ ಮೂವತ್ತು ವರ್ಷ ಬಿಟ್ಟು ದರಕು ಎಲ್ಲಿಂದ ಬರಬೇಕು?

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕಿವಿಗೆ ಏನೂ ಕೊಡದೆ ಆ ಹುಡುಗನಿಂದ ನಾಲ್ಕು ದಿನ ಕೆಲಸ ಮಾಡಿಸಿದ್ದೆ. ಒಂದು ವಾರ ಕಿವಿಯಲ್ಲಿ ಗುಂಯ್ ಅಂತಿದೆ ಅಂದ. ಪುಣ್ಯಕ್ಕೆ ಹೋಯ್ತು. ದೊಡ್ಡ ಬ್ಲೋವರಿನ ಸದ್ದು ಹೊತ್ತವನ ಕಿವಿಯ ಹತ್ತಿರ 100 ಡೆಸಿಬಲ್ ಆಸುಪಾಸು ಇರ್ತದೆ. 85 ಡೆಸಿಬಲ್ಲಿಗೆ ದಿನಕ್ಕೆ 8 ಗಂಟೆ ಮಿತಿ ಅನ್ನೋ ಲೆಕ್ಕದಲ್ಲಿ 100ಕ್ಕೆ ಸಿಗೋದು ಬರೀ 15 ನಿಮಿಷ. ನನಗೆ ಆಗ ಗೊತ್ತಿರಲಿಲ್ಲ ಅಂತ ಹೇಳಿದ್ರೆ ಅವನ ಕಿವಿಗೆ ಅದು ಸಮಾಧಾನ ಅಲ್ಲ.

ಎರಡು ವರ್ಷ ಬಿಟ್ಟು ಅದನ್ನ ಕೊಟ್ಟು ಬೇರೆ ತಗೊಂಡೆ. ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ.

ಶಕ್ತಿ ಅಂದ್ರೆ ಎರಡು ಬೇರೆ ಬೇರೆ ಸಂಗತಿ. ಗಂಟೆಗೆ ಎಷ್ಟು ಗಾಳಿ ಬರ್ತದೆ ಅನ್ನೋದು ಒಂದು, ಆ ಗಾಳಿ ಎಷ್ಟು ವೇಗವಾಗಿ ಬರ್ತದೆ ಅನ್ನೋದು ಇನ್ನೊಂದು. ಒಣಗಿದ ಎಲೆ ರಾಶಿ ತಳ್ಳೋಕೆ ಗಾಳಿಯ ಪ್ರಮಾಣ ಬೇಕು. ನೆಲಕ್ಕೆ ಅಂಟಿದ ಒದ್ದೆ ಎಲೆ ಎಬ್ಬಿಸೋಕೆ ವೇಗ ಬೇಕು. ನಮ್ಮ ದರಕು ಫೆಬ್ರವರಿಯಲ್ಲಿ ಹಪ್ಪಳದ ಹಾಗೆ ಒಣಗಿರ್ತದೆ, ವೇಗ ಜಾಸ್ತಿ ಆದ್ರೆ ಎಲೆ ಜೊತೆ ಮೇಲ್ಮಣ್ಣೂ ಏಳ್ತದೆ. ಅಗಲ ಬಾಯಿಯ ಪೈಪು, ಮಧ್ಯಮ ಎಂಜಿನ್ ಸಾಕು. ಸ್ಟೀಲ್ ಬಿಆರ್ 600 ಅಂಥದ್ದು 64.8 ಸಿಸಿ, ಹಸ್ಕ್‌ವಾರ್ನಾ 580 ಬಿಟಿಎಸ್ 75.6 ಸಿಸಿ. ಇವೆಲ್ಲ ಇಡೀ ದಿನ ದೊಡ್ಡ ಮೈದಾನ, ರಸ್ತೆ ನೋಡಿಕೊಳ್ಳೋರಿಗೆ ಸರಿ. ಮನೆಮಟ್ಟಿನ ಬೆಟ್ಟಕ್ಕೆ 50 ಸಿಸಿ ಒಳಗಿನದ್ದು ನನಗೆ ಸಾಕಾಗಿದೆ. ಗಾಳಿ ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸಿ ಇಡೋ ಲಾಕ್ ಇರಲೇಬೇಕು. ನಾವು ಅರ್ಧಕ್ಕಿಂತ ಮೇಲೆ ಎತ್ತೋದೇ ಅಪರೂಪ.

ತೂಕ ನೋಡಿ. ದೊಡ್ಡವು 10 ಕೆಜಿ ಹತ್ತಿರ, ಮೇಲಿಂದ ಪೆಟ್ರೋಲು. ಅಂಗಡಿಯ ಸಿಮೆಂಟ್ ನೆಲದಲ್ಲಿ ಹೊತ್ತು ನಿಂತರೆ ಏನೂ ಗೊತ್ತಾಗೋದಿಲ್ಲ, ದರಕು ಹಾಸಿದ ಇಳಿಜಾರಿನಲ್ಲಿ ಕಾಲು ಜಾರ್ತದೆ. ಯಾರು ಹೊರ್ತಾರೋ ಅವರನ್ನೇ ಅಂಗಡಿಗೆ ಕರ್ಕೊಂಡು ಹೋಗಿ, ಅವರ ಬೆನ್ನಿಗೇ ಹಾಕಿಸಿ ನೋಡಿ. ನಾನು ಮೊದಲ ಸಲ ಇದನ್ನೂ ಮಾಡಿರಲಿಲ್ಲ.

ನಂಬಿಕೆ ಅನ್ನೋದು ಬ್ರಾಂಡಿಗಿಂತ ಹೆಚ್ಚು ನಿಮ್ಮ ಪೇಟೆಯ ಮೆಕ್ಯಾನಿಕ್ ಮೇಲೆ ನಿಂತಿದೆ. ಕೊಳ್ಳೋ ಮೊದಲು ಸ್ಟಾರ್ಟರ್ ಹಗ್ಗ, ಏರ್ ಫಿಲ್ಟರ್, ಪೆಟ್ರೋಲ್ ಪೈಪು, ಕಾರ್ಬುರೇಟರ್ ಒಳಗಿನ ಪೊರೆ ಇವು ಅಂಗಡಿಯಲ್ಲಿ ಈಗಲೇ ಇದೆಯಾ ಕೇಳಿ. "ತರಿಸ್ಕೊಡ್ತೇವೆ" ಅಂದ್ರೆ ಇಲ್ಲ ಅಂತಲೇ ಅರ್ಥ. ಹದಿನೈದು ನಿಮಿಷ ಓಡಿಸಿ, ಆರಿಸಿ, ಬಿಸಿ ಇರುವಾಗಲೇ ಮತ್ತೆ ಸ್ಟಾರ್ಟ್ ಮಾಡಿಸಿ. ತಣ್ಣಗಿದ್ದಾಗ ಎಲ್ಲವೂ ಸ್ಟಾರ್ಟ್ ಆಗ್ತವೆ, ಬೆಟ್ಟದಲ್ಲಿ ಕೈ ಕೊಡೋದು ಬಿಸಿ ಆದಾಗ. ಫಿಲ್ಟರ್ ದಿನಾ ಕೊಡವಿ. 50ಕ್ಕೆ 1 ಅಂದ್ರೆ ಲೀಟರಿಗೆ 20 ಎಂಎಲ್ ಆಯಿಲ್. ಕಣ್ಣಂದಾಜು ಬೇಡ. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರ್ತದೆ, ಅದು ನೀರು ಎಳೀತದೆ. ಏಪ್ರಿಲಲ್ಲಿ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗೇ ಆರುವವರೆಗೆ ಓಡಿಸಿ ಒಣ ಜಾಗದಲ್ಲಿಡಿ. ನಮ್ಮ ಮಳೆಗಾಲದಲ್ಲಿ ಮಷೀನು ಹಾಳಾಗೋದು ಕೆಲಸ ಮಾಡಿ ಅಲ್ಲ, ಮಲಗಿ.

ಮನೆಯಲ್ಲಿ ಮಿಸ್ಟ್ ಬ್ಲೋವರ್ ಇದ್ದವರು ಹೊಸದು ಕೊಳ್ಳೋ ಮೊದಲು ಅದನ್ನೇ ಖಾಲಿ ಡಬ್ಬಿಯಲ್ಲಿ ಓಡಿಸಿ ನೋಡಿ. ಅದರ ಮೂಲ ಅದೇ ಅಲ್ವಾ! ಆದ್ರೆ ಡಬ್ಬಿ, ಪೈಪು ಚೆನ್ನಾಗಿ ತೊಳೀರಿ. ಉಳಿದ ಔಷಧಿ ದರಕಿಗೆ ಬಿದ್ರೆ ದನದ ಕಾಲಡಿಗೆ ಬರ್ತದೆ. ಅಂಗಳಕ್ಕೆ ಮಾತ್ರ ಬೇಕಾದವರಿಗೆ ಬ್ಯಾಟರಿಯದ್ದು ಸಾಕು, ಸದ್ದೂ ಕಡಿಮೆ. ಬೆಟ್ಟದಲ್ಲಿ ಚಾರ್ಜು ಮುಗಿದ್ರೆ ಮನೆಗೆ ಇಳಿದು ಬರಬೇಕು.

ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ಅರ್ಧ ಗಂಟೆಗೆ ಒಬ್ಬರು ಬದಲಾಗಬೇಕು. ಇದಕ್ಕೆ ದುಡ್ಡಿಲ್ಲ ಅನ್ನೋರು ಬ್ಲೋವರಿಗೂ ಇಲ್ಲ ಅಂತ ತಿಳ್ಕೊಳ್ಳಿ.

ಈಗ ನಮ್ಮ ಬೆಟ್ಟದಲ್ಲಿ ಕ್ರಮ ಹೀಗಿದೆ. ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಮಾಡ್ತೇವೆ. ಒಂದು ಪಟ್ಟಿ ಊದಿದ್ರೆ ಪಕ್ಕದ್ದು ಹಾಗೇ ಇರ್ತದೆ, ಮರುವರ್ಷ ಅದಲು ಬದಲು. ಹಳ್ಳದ ದಡ, ಪೊದೆ ಬುಡ ಮುಟ್ಟೋದಿಲ್ಲ. ಪೂರ್ತಿ ಶಕ್ತಿ ಬಳಸೋದು ಒಂದೇ ಕಡೆ, ಬೆಟ್ಟದ ಅಂಚಿನಲ್ಲಿ ಬೆಂಕಿ ಗೆರೆ ಮಾಡೋವಾಗ. ಅಲ್ಲಿ ಮಾತ್ರ ಒಂದು ಎಲೆಯೂ ಉಳಿಯಬಾರದು. ಅರಣ್ಯ ಇಲಾಖೆಗಳೂ ಬ್ಲೋವರನ್ನ ಇದಕ್ಕೇ ಇಟ್ಟುಕೊಂಡಿವೆ.

ಎಲ್ಲಿ ಊದಬೇಕು, ಎಲ್ಲಿ ಬಿಡಬೇಕು ಅಂತ ಗುರುತು ಹಾಕೋದು ಅಕ್ಕ. ಕೋಲು ಹಿಡ್ಕೊಂಡು ಮುಂದೆ ಹೋಗ್ತಾರೆ, ಮಗ ಹಿಂದೆ. ಆ ದಿನಗಳ ಕೂಲಿ ಇಬ್ಬರಿಗೂ ಸಮ. ಹಾಗಂತ ಲೆಕ್ಕ ಸರಿ ಹೋಯ್ತು ಅನ್ನೋ ಹಾಗಿಲ್ಲ. ಮೊದಲು ಅವರಿಗೆ ಇಪ್ಪತ್ತು ದಿನದ ಕೆಲಸ ಇತ್ತು, ಈಗ ಆರು. ಉಳಿದ ಹದಿನಾಲ್ಕು ದಿನಕ್ಕೆ ನನ್ನ ಹತ್ರ ಉತ್ತರ ಇಲ್ಲ. ಲಾಸ್ ಏಂಜಲೀಸಿನಲ್ಲಿ ಮಷೀನು ಬೇಕು ಅಂತ ಕೂಲಿಯವರು ಉಪವಾಸ ಕೂತಿದ್ದನ್ನ ಅವರಿಗೆ ಹೇಳಿದ್ದೆ. ಸ್ವಲ್ಪ ಹೊತ್ತು ಯೋಚಿಸಿ, "ಅವ್ರ ಸೊಂಟಾನೂ ಹಿಡಿದಿತ್ತನ" ಅಂದ್ರು.

ಕಳೆದ ಮಳೆಗಾಲದಲ್ಲಿ ಹಳ್ಳದ ದಡದಲ್ಲಿ ಹೊನ್ನೆ ಸಸಿ ಹನ್ನೊಂದು ಎಣಿಸಿದ್ದೇನೆ. ಬೇಸಿಗೆ ದಾಟಿದ್ದು ಏಳು.

ನಿಮ್ಮ ಕಡೆ ಉದುರಿದ ಎಲೆಗೆ ಏನಂತಾರೆ, ಯಾರು ಗುಡಿಸ್ತಾರೆ, ಎಷ್ಟು ಬಿಡ್ತಾರೆ? ಬ್ಲೋವರ್ ಇದ್ದವರು ಸಿಸಿ ಜೊತೆಗೆ ಅದನ್ನೂ ಬರೀರಿ.